ಅತ್ತೆಯ ಒಲೆ ಆರಿದ ದಿನ

ನಾನು ಗೌಂಡಿ ಕೆಲಸದವನು. ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಕಡೆ ನನ್ನ ಕೈಯಲ್ಲಿ ಎದ್ದ ಗೋಡೆಗಳು ಎಷ್ಟೋ ಇವೆ. ಒಂದೂ ವಾಲಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತೇನೆ, ಯಾಕೆಂದರೆ ಎಂಟನೇ ಇಯತ್ತೆಗೆ ಸಾಲಿ ಬಿಟ್ಟವನಿಗೆ ಜಂಬ ಪಡಲು ಬೇರೆ ಏನೂ ಇಲ್ಲ. ಹೊಸ ಮನೆ ಕಟ್ಟಿಸುವವರು ನನ್ನನ್ನು ಕರೆದಾಗ ದೇವರ ಜಗಲಿ ಯಾವ ಮೂಲೆಗೆ ಬರಬೇಕು ಅಂತ ಮೊದಲು ಹೇಳುತ್ತಾರೆ. ನಾನು ಒಲೆ ಎಲ್ಲಿ ಅಂತ ಮೊದಲು ಕೇಳುತ್ತೇನೆ. ಒಲೆ ಯಾರದು, ಒಂದೋ ಎರಡೋ, ಅದನ್ನು ಹಚ್ಚುವವರು ಯಾರು, ಇಷ್ಟು ತಿಳಿಯದೆ ನಾನು ದಾರ ಹಿಡಿಯುವುದಿಲ್ಲ. ಕೆಲವರಿಗೆ ಇದು ಅಧಿಕಪ್ರಸಂಗ ಅನಿಸುತ್ತದೆ. ಅವರಿಗೆ ಕಾರಣ ಹೇಳಿಲ್ಲ. ಇಲ್ಲಿ ಹೇಳುತ್ತೇನೆ.

ನಮ್ಮೂರು ಬೀಳಗಿಯ ಕಡೆ ಹೊಳೆಯ ದಂಡೆಯಲ್ಲಿತ್ತು. ಈಗ ಅದು ಹಿನ್ನೀರಿನ ಅಡಿಯಲ್ಲಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹನುಮಪ್ಪನ ಗುಡಿಯ ಕಟ್ಟೆ ಮಾತ್ರ ಮೇಲೆ ಕಾಣುತ್ತದೆ. ನಮ್ಮದು ಮಣ್ಣಿನ ಮಾಳಿಗೆಯ ಮನೆ, ಗೋಡೆ ಒಂದು ಮೊಳಕ್ಕಿಂತ ದಪ್ಪ. ಒಳಗೆ ಹೊಕ್ಕರೆ ಮೊದಲು ಕುರಿಗಳ ದೊಡ್ಡಿ, ಆಮೇಲೆ ಪಡಸಾಲೆ. ಪಡಸಾಲೆಯ ನಡುವೆ ಬೀರಪ್ಪನ ಜಗಲಿ. ಅಲ್ಲಿ ಮಡಚಿಟ್ಟ ಕರಿ ಕಂಬಳಿ, ಗೂಟಕ್ಕೆ ತೂಗಿದ ಡೊಳ್ಳು, ಹಿತ್ತಾಳೆ ಬಟ್ಟಲಿನ ತುಂಬ ಅರಿಷಿಣದ ಭಂಡಾರ. ಜಗಲಿಯ ಪಡುವಣಕ್ಕೆ ನಮ್ಮವ್ವನ ಒಲೆ, ಮೂಡಣಕ್ಕೆ ಲಕ್ಕವ್ವ ಅತ್ತೆಯ ಖೋಲಿ ಮತ್ತು ಅವಳ ಒಲೆ. ಅತ್ತೆ ನಮ್ಮಪ್ಪ ರೇವಪ್ಪನ ತಂಗಿ. ಮದುವೆಯಾಗಿ ಮೂರು ವರ್ಷಕ್ಕೆ ಗಂಡ ಸತ್ತು ತವರಿಗೆ ಬಂದವಳು. ಅವಳು ಯಾರ ಕೈ ನೋಡಿಕೊಂಡೂ ಉಣ್ಣಬಾರದು ಅಂತ ನಮ್ಮಜ್ಜ ಆ ಖೋಲಿಗೆ ಬೇರೆ ಬಾಗಿಲು ಒಡೆಸಿ, ತನ್ನ ಕೈಯಾರೆ ಒಲೆ ಹಾಕಿ, ಹತ್ತು ಕುರಿ ಬಿಟ್ಟುಕೊಟ್ಟಿದ್ದ. ಬೆಳಿಗ್ಗೆ ನಮ್ಮ ಮಾಳಿಗೆಯ ಎರಡು ಬೆಳಕಿಂಡಿಗಳಿಂದ ಎರಡು ಹೊಗೆ ಏಳುತ್ತಿದ್ದವು. ನಾನು ಎರಡೂ ಕಡೆ ಉಣ್ಣುತ್ತಿದ್ದೆ. ಅವ್ವನ ಒಲೆಯ ಮುಂದೆ ಅವಸರ, ಬೈಗುಳ, ನಾಲ್ಕು ಮಕ್ಕಳ ಕಿತ್ತಾಟ. ಅತ್ತೆಯ ಒಲೆಯ ಮುಂದೆ ಕೆಂಡದಲ್ಲಿ ಸುಟ್ಟ ಬದನೆಕಾಯಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮತ್ತು ಕೇಳಿಸಿಕೊಳ್ಳುವ ಒಬ್ಬಳು ಹೆಣ್ಣುಮಗಳು. ಅವಳ ಆಸ್ತಿ ಅಂದರೆ ಒಂದು ತಾಮ್ರದ ಕೊಡ. ಅದರ ಹೊಟ್ಟೆಯ ಮೇಲೆ ಒಂದು ತಗ್ಗು ಬಿದ್ದಿತ್ತು. ನಾನು ತೆವಳುವಾಗ ಅದನ್ನು ಉರುಳಿಸಿ ಕೆಡವಿದ್ದೆನಂತೆ. ಆ ತಗ್ಗನ್ನು ತೋರಿಸಿ ಅವಳು ಎಲ್ಲರ ಮುಂದೆ, ಇದು ನಮ್ಮ ಮಾಳ್ಯಾನ ರುಜು, ಅಂತ ನಗುತ್ತಿದ್ದಳು.

ಮುಳುಗಡೆಯ ಸರ್ವೆ ಬರುತ್ತದೆ ಅಂದಾಗ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ಸರ್ವೆಯವರು ಮನೆ ಹೊಕ್ಕು ಒಲೆ ಎಣಿಸುತ್ತಾರೆ, ಎರಡು ಒಲೆ ಉರಿಯುತ್ತಿದ್ದರೆ ಎರಡು ಸಂಸಾರ ಅಂತ ಬರೆಯುತ್ತಾರೆ ಅನ್ನುವುದು ಎಲ್ಲರ ಬಾಯಲ್ಲೂ ಇತ್ತು. ಸಣ್ಣ ಮನೆಯವರು ರಾತ್ರೋರಾತ್ರಿ ಅಣ್ಣತಮ್ಮಂದಿರು ಬೇರೆಯಾದಂತೆ ತೋರಿಸಲು ಹೊಸ ಒಲೆ ಹಾಕಿದರು. ನಮ್ಮಪ್ಪನ ಲೆಕ್ಕಾಚಾರ ಅದಕ್ಕೆ ಉಲ್ಟಾ ಇತ್ತು. ಇಡೀ ಮನೆ ಒಬ್ಬನದೇ ಅಂತಾದರೆ ಹೊಸ ಊರಿನಲ್ಲಿ ಬಸ್ಸಿನ ರಸ್ತೆಗೆ ಹತ್ತಿದ ದೊಡ್ಡ ಜಾಗ ಸಿಗುತ್ತದೆ, ಪಾಲಾಗಿದೆ ಅಂತ ಬರೆದರೆ ಒಳಓಣಿಯಲ್ಲಿ ಎರಡು ಸಣ್ಣ ತುಂಡು ಕೊಡುತ್ತಾರೆ ಅಂತ ಅವನಿಗೆ ಯಾರೋ ಹೇಳಿದ್ದರು. ರಸ್ತೆಯ ಮೇಲೆ ಅಂಗಡಿ ಇಡುವ ಆಸೆ ಅಪ್ಪನಿಗೆ ಮೊದಲಿನಿಂದಲೂ ಇತ್ತು. ತಂಗಿಯ ಒಲೆ ಆ ಆಸೆಗೆ ಅಡ್ಡ ಬಂತು.

ಒಂದು ರವಿವಾರ ಅವನು ಮನೆಯವರನ್ನೆಲ್ಲ ಜಗಲಿಯ ಮುಂದೆ ಕೂರಿಸಿ, ಊರು ಬಿಡುವ ಮುಂಚೆ ಬೀರಪ್ಪನಿಗೆ ಒಂದು ಊಟ ಮಾಡಬೇಕು ಅಂದ. ಬೀರಪ್ಪನ ಗುಡಿಯ ಪೂಜಾರಿ ಅಜ್ಜ ಹೇಳಿಕಳಿಸಿದ್ದಾರೆ, ಅವತ್ತು ಮನೆಯ ಒಲೆಗಳನ್ನೆಲ್ಲ ಆರಿಸಿ, ಸಾರಿಸಿ, ಗುಡಿಯಿಂದ ತಂದ ಕೆಂಡದಿಂದ ಒಂದೇ ಒಲೆ ಹಚ್ಚಬೇಕಂತೆ, ಒಂದು ದೇವರು, ಒಂದು ಒಲೆ, ಮನೆ ಒಡೆಯದಿರಲಿ ಅಂತ.  ಅತ್ತೆ ಕಣ್ಣಿಗೆ ಸೆರಗು ಒತ್ತಿಕೊಂಡು, ಛಲೋ ಆತು ಅಣ್ಣಾ ಅಂದಳು. ಸೋಮವಾರ ಬೆಳಿಗ್ಗೆ ಅವಳು ತಲೆಮೇಲೆ ನೀರು ಹಾಕಿಕೊಂಡು ಕೈಮುಗಿದು ನಿಂತಳು. ನಾನು ಅವಳದೇ ತಾಮ್ರದ ಕೊಡ ಎತ್ತಿ ಅವಳ ಒಲೆಯ ಮೇಲೆ ನೀರು ಸುರಿದೆ. ಅದು ನನಗೆ ಒಪ್ಪಿಸಿದ ಕೆಲಸ. ಬೂದಿ ಸುಂಯ್ ಅಂದು ಮೇಲೆದ್ದು ನನ್ನ ಮುಖಕ್ಕೆ ಬಡಿಯಿತು. ಆಮೇಲೆ ಅವಳೇ ಒಲೆಯ ಮೂರು ಗುಂಡನ್ನೂ ಕಿತ್ತು, ಜಾಗವನ್ನು ಸಗಣಿಯಿಂದ ಸಾರಿಸಿ, ರಂಗೋಲಿ ಹಾಕಿದಳು. ಸಂಪ್ರದಾಯದಂತೆ ಮನೆಮಗಳು ಮೊದಲು ಅಣ್ಣನ ಹಣೆಗೆ ಭಂಡಾರ ಹಚ್ಚಬೇಕು, ಹಚ್ಚಿದಳು. ಹೋಳಿಗೆ ಬೇಯುತ್ತಿದ್ದಾಗ, ಅತ್ತೆ ಹೊಳೆಯಿಂದ ನೀರು ತರಲು ಹೋದ ಹೊತ್ತಿಗೆ, ಸರ್ವೆಯವರು ಬಂದರು. ಅವರು ಮನೆಯೆಲ್ಲ ತಿರುಗಿ ನೋಡಿ, ಒಂದೇ ಒಲೆ ಅಂತ ಬರೆದುಕೊಂಡು, ನಾಲ್ಕು ಹೋಳಿಗೆ ತಿಂದು ಹೋದರು.

ಊರು ಬಿಟ್ಟು ಹೊಸ ಊರಿಗೆ ಬಂದ ಮೇಲೆ ಒಂದಷ್ಟು ಕಾಲ ಎಲ್ಲರೂ ತಗಡಿನ ಶೆಡ್ಡಿನಲ್ಲೇ ಇದ್ದೆವು, ಹಾಗಾಗಿ ಏನೂ ತಿಳಿಯಲಿಲ್ಲ. ಹಕ್ಕುಪತ್ರ ಕೊಡುವ ದಿನ ಸಾಲಿಯ ಅಂಗಳದಲ್ಲಿ ಹೆಸರು ಓದಿದರು. ಅತ್ತೆ ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕೂತಿದ್ದಳು. ಪಟ್ಟಿ ಮುಗಿಯಿತು. ಅವಳು ಮೇಜಿನ ಹತ್ತಿರ ಹೋಗಿ ಕೇಳಿದಾಗ ಅಲ್ಲಿದ್ದವರು ಪುಸ್ತಕ ತಿರುವಿ, ರೇವಪ್ಪನ ಮನೆಯಲ್ಲಿ ಒಂದೇ ಒಲೆ ಅಂತ ಬರೆದಿದೆ, ಬರೆದ ದಿನವೂ ಇದೆ, ಅಂತ ಆ ದಿನವನ್ನು ಓದಿ ಹೇಳಿದರು. ನಾನು ಅವಳ ಪಕ್ಕದಲ್ಲೇ ಇದ್ದೆ. ಅವಳು ಆ ದಿನವನ್ನು ಬೆರಳ ಮೇಲೆ ಹಿಂದಕ್ಕೆ ಎಣಿಸಿ, ಒಲೆ ಆರಿಸಿದ ಆ ಸೋಮವಾರಕ್ಕೆ ಬಂದು ಮುಟ್ಟಿ, ಬೆರಳನ್ನು ಹಾಗೇ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. 

ಅಪ್ಪ ರಸ್ತೆಯ ಮೇಲೆ ಮನೆ ಕಟ್ಟಿದ. ಅತ್ತೆಗೆ ಹಿತ್ತಲಲ್ಲಿ ಕುರಿಗಳ ಪಕ್ಕ ತಗಡಿನ ಒಂದು ಮರೆ ಸಿಕ್ಕಿತು. ಬಯಲಲ್ಲಿ ಮೂರು ಕಲ್ಲು ಇಟ್ಟು ಬೇಯಿಸಿಕೊಳ್ಳುತ್ತಿದ್ದಳು. ಮಳೆ ಬಂದ ದಿನ ನಮ್ಮವ್ವ ಕರೆದರೆ ಒಳಗೆ ಬಂದು ಬಾಗಿಲ ಬಳಿ ಕೂತು ಉಣ್ಣುತ್ತಿದ್ದಳು. ಅದೇ ವರ್ಷಗಳಲ್ಲಿ ಅಪ್ಪನ ಭಕ್ತಿ ಬೆಳೆಯಿತು. ಮೊದಲು ಅವನು ಎಲ್ಲರ ಹಾಗೆ ಹಬ್ಬಕ್ಕಷ್ಟೇ ಕೈಮುಗಿಯುತ್ತಿದ್ದವ. ಈಗ ಚಳಿಗಾಲದಲ್ಲೂ ತಣ್ಣೀರು ಸ್ನಾನ, ರವಿವಾರ ಉಪವಾಸ, ಕಾಲಿಗೆ ಚಪ್ಪಲಿ ಇಲ್ಲ, ಹಣೆಯ ತುಂಬ ಬೆವರಿಗೂ ಇಳಿಯದಷ್ಟು ದಪ್ಪ ಭಂಡಾರ. ದೂರದ ಬೀರಪ್ಪನ ಗುಡಿಗಳಿಗೆ ನಡೆದೇ ಹೋಗುತ್ತಿದ್ದ. ಒಂದೇ ಒಲೆಯ ಊಟವನ್ನು ಅವನು ಒಂದು ವರ್ಷವೂ ತಪ್ಪದೆ ಮಾಡಿದ, ಬಿಡಲು ಅವನಿಗೆ ಆಗಲಿಲ್ಲ. ಬಿಟ್ಟಿದ್ದರೆ, ಅದು ಆ ಒಂದು ದಿನಕ್ಕಷ್ಟೇ ಯಾಕೆ ಬೇಕಾಗಿತ್ತು ಅಂತ ಯಾರಾದರೂ ಕೇಳುತ್ತಿದ್ದರು. ನೋಡನೋಡುತ್ತ ಓಣಿಯ ನಾಲ್ಕೈದು ಮನೆಯವರು, ರೇವಪ್ಪನ ಮನೆಯ ಪದ್ಧತಿ ಛಲೋ ಐತಿ ಅಂತ, ತಮ್ಮ ಮನೆಗಳಲ್ಲೂ ಅವತ್ತು ಒಲೆ ಆರಿಸತೊಡಗಿದರು. ಈಗಲೂ ಆರಿಸುತ್ತಾರೆ. ಅದು ಎಲ್ಲಿಂದ ಬಂತು ಅಂತ ಅವರಿಗೆ ಗೊತ್ತಿಲ್ಲ.

ಮನೆಯಲ್ಲಿ ಜಗಳ ಹತ್ತಿದರೆ ಅದು ಹೆಚ್ಚಾಗಿ ಊಟದ ಹೊತ್ತಿಗೇ. ಅಪ್ಪ ಕೂತು ಮೊದಲ ತುತ್ತನ್ನು ದೇವರಿಗೆ ಅಂತ ತಟ್ಟೆಯ ಅಂಚಿಗೆ ಎತ್ತಿಡುವಾಗ ಅವ್ವ ಹಿತ್ತಲ ಕಡೆ ನೋಡುತ್ತಿದ್ದಳು. ಒಮ್ಮೆ, ಹೊರಗೆ ಮಳೆ ಹನಿಯುತ್ತಿತ್ತು, ಅತ್ತೆಯ ಮೂರು ಕಲ್ಲುಗಳಿಂದ ಹಸಿ ಕಟ್ಟಿಗೆಯ ಹೊಗೆ ಒಳಗೆ ಬರುತ್ತಿತ್ತು, ಅವ್ವ ತಡೆಯಲಾರದೆ ಕೇಳಿದಳು.

“ನಿಮ್ಮ ದೇವರಿಗಿ ಮುಂಬಾಗಲಾ ಅಷ್ಟ ಕಾಣತೈತೇನ್ರಿ? ಹಿತ್ತಲಾ ಕಾಣೂದಿಲ್ಲೇನು?”

ಅಪ್ಪ ತಟ್ಟೆ ಸರಿಸಿ ಎದ್ದುಹೋದ. ಮರುದಿನದಿಂದ ಉಪವಾಸ ವಾರಕ್ಕೆ ಎರಡಾಯಿತು. ಅವನನ್ನು ಏನಾದರೂ ಚುಚ್ಚಿದರೆ ಅವನು ಮಾಡುತ್ತಿದ್ದುದು ಅದನ್ನೇ, ಇನ್ನೊಂದು ನೇಮ ಏರಿಸಿಕೊಳ್ಳುವುದು. ಓಣಿಯವರು ಅವನನ್ನು ಶರಣ ಅಂತ ಕರೆಯತೊಡಗಿದ್ದರು, ಮತ್ತು ಅವನಿಗೆ ಅದು ಹಿತವಾಗಿತ್ತು.

ಹೊಸ ಮನೆಯ ಜಗಲಿ ಕಟ್ಟಿ ಮುಗಿದದ್ದು ಎಲ್ಲಕ್ಕಿಂತ ಕಡೆಗೆ. ದೇವರನ್ನು ಅದಕ್ಕೆ ಏರಿಸುವ ದಿನ ಪೂಜಾರಿ ಅಜ್ಜ ಬಂದರು. ಊರು ಬಿಟ್ಟ ಮೇಲೆ ಅವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಅಂಗಳದ ತುಂಬ ಮಂದಿ. ಡೊಳ್ಳಿನವರು ಸಾಲಾಗಿ ನಿಂತಿದ್ದರು. ಹದಿಮೂರರ ನಾನು ಮೊದಲ ಸಲ ದೊಡ್ಡವರ ಡೊಳ್ಳು ಕಟ್ಟಿಕೊಂಡು ಅವರಲ್ಲಿ ಒಬ್ಬನಾಗಿದ್ದೆ. ಮನೆಮಗಳು ಬರಲಿ, ಅಣ್ಣನಿಗೆ ಭಂಡಾರ ಹಚ್ಚಲಿ ಅಂತ ಅಜ್ಜ ಕರೆದರು. ಅತ್ತೆ ಒದ್ದೆ ಕೂದಲಿನಲ್ಲಿ ಬಂದು ಬಟ್ಟಲಿನ ಮುಂದೆ ನಿಂತಳು. ಕೈ ಮಾತ್ರ ಮುಂದೆ ಮಾಡಲಿಲ್ಲ.

“ಹಚ್ಚತೇನ್ರಿ ಅಜ್ಜಾರ. ನನ್ನ ಒಲಿ ಆರಿಸಿದ್ದು ದೇವರಿಗೋ, ಸರ್ವೇದವರಿಗೋ? ಅಣ್ಣ ಒಂದ ಮಾತ ಹೇಳ್ಲಿ, ಹಚ್ಚತೇನಿ.”

“ಹಬ್ಬದ ದಿನಾ ಏನ ತಗದಿ ಲಕ್ಕಿ?” ಅಪ್ಪ ನಗಲು ನೋಡಿದ. “ದೇವರ ಮುಂದ ಮನಿ ಮಾತ ಬ್ಯಾಡ.”

“ದೇವರ ಮುಂದ ಬ್ಯಾಡಂದ್ರ ಮತ್ತ್ಯಾರ ಮುಂದ ಹೇಳಾಂವ ನೀ?”

ಪೂಜಾರಿ ಅಜ್ಜ ಅಪ್ಪನ ಕಡೆ ತಿರುಗಿ, ಯಾವ ಒಲೆ, ಒಲೆ ಆರಿಸು ಅಂತ ನಾನು ಯಾವಾಗ ಹೇಳಿದ್ದೆ ಅಂತ ಕೇಳಿದರು.  ಅಪ್ಪ ಬಟ್ಟಲಿಗೆ ತಾನೇ ಕೈ ಹಾಕಿ, ಹಿಡಿ ತುಂಬ ಭಂಡಾರ ತೆಗೆದು, ತನ್ನ ಹಣೆಗೆ ತಾನೇ ಬಳಿದುಕೊಂಡ. ಆಮೇಲೆ ಡೊಳ್ಳಿನವರಿಗೆ ಕಣ್ಸನ್ನೆ ಮಾಡಿದ. ಎಲ್ಲರೂ ಬಡಿದರು. ನಾನೂ ಬಡಿದೆ. ಅತ್ತೆಯ ತುಟಿ ಇನ್ನೂ ಅಲುಗುತ್ತಿತ್ತು, ಏನಂದಳೋ ಯಾರಿಗೂ ಕೇಳಿಸಲಿಲ್ಲ. ಅಜ್ಜ ಊಟದ ಪಂಕ್ತಿಯಲ್ಲಿ ಕೂತರು, ಆದರೆ ತುತ್ತು ಎತ್ತಲಿಲ್ಲ. ಕೈತೊಳೆದು ಹೊರಡುವಾಗ ಅಪ್ಪನಿಗೆ ಒಂದೇ ಮಾತು ಹೇಳಿದರು.

“ರೇವಪ್ಪಾ, ಡೊಳ್ಳ ಬಡದ್ರ ಬೀರಪ್ಪನ ಕಿವಿ ಮುಚ್ಚೂದಿಲ್ಲೋ.”

ನಾನು ಅವತ್ತು ಕೋಲು ಕೆಳಗಿಟ್ಟು ಬಾಯಿ ಬಿಡಬಹುದಿತ್ತು. ಯಾಕೆಂದರೆ ನನಗೆ ಗೊತ್ತಿತ್ತು. ಒಲೆಗೆ ನೀರು ಸುರಿಯುವ ಹಿಂದಿನ ಸಂಜೆ ಅಪ್ಪ ನನ್ನನ್ನು ದೊಡ್ಡಿಯ ಹತ್ತಿರ ಕರೆದು, ನಾಳೆ ಸರ್ವೆಯವರು ಬರುತ್ತಾರೆ, ಅವರು ನೋಡುವಾಗ ಒಂದೇ ಒಲೆ ಇರಬೇಕು, ಅತ್ತೆಗೆ ತಿಳಿಯಬಾರದು, ನೀನು ಈಗ ಗಂಡಸಾಗಿದ್ದೀ, ಬಾಯಿ ಗಟ್ಟಿ ಇರಲಿ, ಅಂದಿದ್ದ. ಒಂಬತ್ತು ವರ್ಷದವನಿಗೆ ಗಂಡಸು ಅನ್ನಿಸಿಕೊಂಡರೆ ಎದೆ ಎಷ್ಟು ಉಬ್ಬುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಅತ್ತೆ ಕಣ್ಣುಮುಚ್ಚಿ ಕೈಮುಗಿದಾಗ ನಾನು ಎಲ್ಲ ತಿಳಿದೇ ಕೊಡ ಬಗ್ಗಿಸಿದ್ದೆ. ನನ್ನ ಬಾಯಿ ಗಟ್ಟಿ ಇತ್ತು. ಡೊಳ್ಳಿನ ದಿನವೂ ಗಟ್ಟಿ ಇತ್ತು.

ಅದಾದ ಕೆಲವು ತಿಂಗಳಿಗೆ ನಾನು ಸಾಲಿ ಬಿಟ್ಟೆ. ಆ ಮನೆಯಲ್ಲಿ ಕೂತು ಓದುವುದು ನನ್ನಿಂದ ಆಗಲಿಲ್ಲ. ಮುಧೋಳದ ಒಬ್ಬ ಗೌಂಡಿಯ ಕೈಕೆಳಗೆ ಕಲ್ಲು ಹೊತ್ತೆ, ಬನಹಟ್ಟಿಯಲ್ಲಿ ಮಗ್ಗದ ಶೆಡ್ಡುಗಳ ಗೋಡೆ ಕಟ್ಟಲು ಕಲಿತೆ. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟರೆ ಗೋಡೆ ಸುಳ್ಳು ಹೇಳಲು ಆಗುವುದಿಲ್ಲ, ಆ ಕೆಲಸ ನನಗೆ ಹಿಡಿಸಿದ್ದು ಅದಕ್ಕೇ. ಇಪ್ಪತ್ತು ತುಂಬುವಷ್ಟರಲ್ಲಿ ನಾನು ಯಾರ ಹಂಗಿಗೂ ಬೀಳದ ಕೆಲಸಗಾರನಾಗಿದ್ದೆ. ಊರಿಗೆ ಬಂದಾಗಲೆಲ್ಲ ಅಪ್ಪನನ್ನು ಹಿಡಿದು ನಿಲ್ಲಿಸುತ್ತಿದ್ದೆ. ಮನೆಯ ನಡುವೆ ಗೋಡೆ ನಾನು ಕಟ್ಟುತ್ತೇನೆ, ಮೂಡಣದ ಅರ್ಧ ಅತ್ತೆಯ ಹೆಸರಿಗೆ ಮಾಡು, ಜನರ ಮುಂದೆ ಒಂದು ಸಲ ಖರೆ ಹೇಳು ಅನ್ನುತ್ತಿದ್ದೆ. ಅವನು ಜಗಲಿಯ ಕಡೆ ತಿರುಗಿ ಕೂತುಬಿಡುತ್ತಿದ್ದ. ನಾನೂ ಏನು ಕಡಿಮೆ? ನಾಗರಪಂಚಮಿಗೆ ತಪ್ಪದೆ ಅತ್ತೆಗೆ ಸೀರೆ ತರುತ್ತಿದ್ದೆ, ಅವಳ ಕಾಲಿಗೆ ಬೀಳುತ್ತಿದ್ದೆ. ಅವಳು ಸೀರೆಗಳನ್ನು ಉಡದೆ, ಮಡಿಕೆ ಮುರಿಯದೆ, ಟ್ರಂಕಿನಲ್ಲಿ ಇಡುತ್ತಿದ್ದಳು. ಅದು ಯಾಕೆ ಅಂತ ನಾನು ಕೇಳಿಕೊಳ್ಳಲಿಲ್ಲ. ಅಪ್ಪನ ಉಪವಾಸಕ್ಕೂ ನನ್ನ ಸೀರೆಗೂ ಏನು ಫರಕು ಅಂತ ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಅವ್ವ ತೀರಿಕೊಂಡ ಎರಡು ವರ್ಷಕ್ಕೆ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ತೊದಲಿತು. ಅಷ್ಟರಲ್ಲೇ ಒಂದೇ ಒಲೆಯ ದಿನ ಬಂತು. ಸೊಸೆ ಹಚ್ಚುವಂತಿಲ್ಲ, ಮಗ ಹಚ್ಚುವಂತಿಲ್ಲ, ಎಡಗೈಯಿಂದ ಭಂಡಾರ ಮುಟ್ಟುವಂತಿಲ್ಲ. ಇಷ್ಟು ವರ್ಷ ತನ್ನ ಹಣೆಗೆ ತಾನೇ ಬಳಿದುಕೊಂಡವನು ಬಟ್ಟಲಿನ ಮುಂದೆ ಸುಮ್ಮನೆ ಕೂತ. ನನ್ನ ಹೆಂಡತಿ ಹಿತ್ತಲಿಗೆ ಹೋಗಿ ಅತ್ತೆಯನ್ನು ಕರೆದಳು. ಅವಳು ರೊಟ್ಟಿ ಬಡಿಯುತ್ತಿದ್ದಳಂತೆ, ತಲೆ ಎತ್ತದೆ, ನಾ ಕೇಳಿದ ಮಾತು ಹಾಗೇ ಐತಿ ಅಂತ ಹೇಳು, ಅಂದಳಂತೆ. ಆ ವರ್ಷ ನಮ್ಮ ಮನೆಯಲ್ಲಿ ಡೊಳ್ಳು ಇರಲಿಲ್ಲ, ಮಂದಿ ಇರಲಿಲ್ಲ. ಬರಿ ಹಣೆಯ ಅಪ್ಪನನ್ನು ನಾನು ಬುದ್ಧಿ ಬಂದಮೇಲೆ ನೋಡಿದ್ದು ಆಗಲೇ. ಆ ಹಣೆ ನನ್ನದರಂತೆಯೇ ಇತ್ತು. ಮೂರು ದಿನ ಅವನು ಸರಿಯಾಗಿ ಉಣ್ಣಲಿಲ್ಲ, ಮತ್ತು ಇದು ಉಪವಾಸ ಅಂತ ಯಾರಿಗೂ ಹೇಳಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ನನ್ನನ್ನು ಕರೆದು, ಬೀಳಗಿಯ ಕಚೇರಿಗೆ ಹೋಗೋಣ, ಲಕ್ಕಿಯನ್ನೂ ಕರೆ ಅಂದ.

ಮನೆಯ ಮೂಡಣದ ಅರ್ಧ ಲಕ್ಕವ್ವನ ಹೆಸರಿಗೆ ಆಯಿತು. ಭಂಡಾರ ಮುಟ್ಟಬಾರದ ಆ ಎಡಗೈಯ ಹೆಬ್ಬೆಟ್ಟೇ ಕಾಗದದ ಮೇಲೆ ಒತ್ತಿತು. ಹೊರಗೆ ಬಂದು ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತೆವು. ಪಕ್ಕದಲ್ಲಿ ಚಹಾ ಕುಡಿಯುವವರು, ಸಂತೆ ಚೀಲದ ಹೆಂಗಸರು, ನಮ್ಮ ಊರಿನವರೂ ನಾಲ್ಕು ಜನ ಇದ್ದರು. ಅಪ್ಪ ಅವರ ಎದುರಿಗೇ, ಒಂದೊಂದು ಅಕ್ಷರಕ್ಕೂ ತಿಣುಕುತ್ತ ಹೇಳಿದ.

“ನಿನ್ನ ಒಲಿ ಆರಿಸಿದ್ದು ದೇವರಿಗಲ್ಲ ಲಕ್ಕಿ. ಸರ್ವೇದವರಿಗಿ. ನಾ ಸುಳ್ಳ ಹೇಳಿದ್ನಿ. ದೇವರ ಹೆಸರೀಲೆ ಹೇಳಿದ್ನಿ.”

ಅತ್ತೆ ಅಪ್ಪನ ಕಡೆ ತಿರುಗಿ ಕೂತಳು. ಆಮೇಲೆ, ಹಣಿ ಬರಿದ ಐತಲ್ಲ ಅಣ್ಣಾ, ಅಂತ ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಚಿಟಿಕೆ ಭಂಡಾರ ಇತ್ತು. ಬರುವಾಗಲೇ ಕಟ್ಟಿಕೊಂಡು ಬಂದಿದ್ದಳು. ಅವಳು ಹಚ್ಚುವಾಗ ಅಪ್ಪ ಕಣ್ಣು ಮುಚ್ಚಲಿಲ್ಲ, ಅವಳ ಮುಖವನ್ನೇ ನೋಡಿದ. ಅದು ತೆಳ್ಳಗಿನ ಒಂದು ಗೆರೆ ಅಷ್ಟೇ. ಮಿಕ್ಕದ್ದನ್ನು ಹಚ್ಚಲು ಅವಳು ನನ್ನ ಕಡೆ ತಿರುಗಿದಳು. ಇವನೇ ನನ್ನ ಪರವಾಗಿ ಇಷ್ಟು ವರ್ಷ ಬಡಿದಾಡಿದವನು ಅನ್ನುವ ಅಕ್ಕರೆ ಅವಳ ಕಣ್ಣಲ್ಲಿತ್ತು. ಅವಳ ಬೆರಳು ಇನ್ನೇನು ತಗಲಬೇಕು, ನಾನು ಅವಳ ಮುಂಗೈ ಹಿಡಿದೆ.

“ತಡಿ ಅತ್ತಿ. ಸರ್ವೇದವರು ಬರೂದು ನನಗೂ ಗೊತ್ತಿತ್ತು. ಅಪ್ಪ ಹಿಂದಿನ ದಿನಾನ ಹೇಳಿದ್ದ. ಗೊತ್ತಿದ್ದೇ ನೀರ ಹಾಕಿದ್ನಿ.”

 ಅಪ್ಪ ತಲೆ ತಗ್ಗಿಸಿದ. ಅತ್ತೆ ಮೆಲ್ಲಗೆ ಕೈ ಬಿಡಿಸಿಕೊಂಡು, ಬೆರಳಿನ ಭಂಡಾರವನ್ನು ಮತ್ತೆ ಸೆರಗಿಗೆ ಉದುರಿಸಿ, ಗಂಟು ಹಾಕಿದಳು. ಅಣ್ಣನಿಗಿಂತ ನನ್ನನ್ನು ಅವಳು ಹೆಚ್ಚು ನಂಬಿದ್ದಳು. ಆಗ ಬಸ್ಸು ಬಂತು. ಅವಳು ಅಪ್ಪನ ತೋಳು ಹಿಡಿದು ಹತ್ತಿಸಿ, ಅವನ ಪಕ್ಕ ಕೂತಳು. ನಾನು ಹಿಂದೆ ನಿಂತುಕೊಂಡು ಬಂದೆ.

ಗೋಡೆ ಕಟ್ಟಿ ಮುಗಿಸಲು ಹದಿನೈದು ದಿನ ಹಿಡಿಯಿತು. ಮೂಡಣಕ್ಕೆ ಬೇರೆ ಬಾಗಿಲು ಇಟ್ಟೆ, ನಮ್ಮಜ್ಜ ಇಟ್ಟಿದ್ದ ಅಳತೆಯಲ್ಲೇ ಒಲೆ ಹಾಕಿದೆ. ಅಷ್ಟು ದಿನವೂ ಅತ್ತೆ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಕಲ್ಲು ಸರಿಸು, ಇಲ್ಲಿ ಹೊಗೆ ತಿರುಗತೈತಿ, ಅಷ್ಟೇ. ಒಲೆ ಒಣಗಿದ ದಿನ ಅವಳು ಅದನ್ನು ತಾನೇ ಹಚ್ಚಿದಳು. ಯಾರನ್ನೂ ಕರೆಯಲಿಲ್ಲ, ಡೊಳ್ಳು ಬಡಿಸಲಿಲ್ಲ. ಸಂಜೆ ಅಪ್ಪ ಗೋಡೆ ಹಿಡಿದುಕೊಂಡು ನಡೆದು ಅವಳ ಬಾಗಿಲಿಗೆ ಹೋಗಿ ಕೂತ. ಒಳಗಿನಿಂದ ಒಂದು ತಟ್ಟೆ ಬಂತು. ನನಗೆ ಬರಲಿಲ್ಲ. ನಾನು ಕೇಳಲೂ ಇಲ್ಲ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡಲು ಬಾಗಿಲು ತೆಗೆದರೆ ಹೊಸ್ತಿಲ ಮುಂದೆ ಅತ್ತೆಯ ತಾಮ್ರದ ಕೊಡ ಇತ್ತು. ಖಾಲಿ ಕೊಡ. ಹೊಟ್ಟೆಯ ಮೇಲಿನ ತಗ್ಗು ನನ್ನ ಕಡೆಗೇ ತಿರುಗಿತ್ತು. ಅವಳ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಒಲೆಯ ಮುಂದೆ ಕೂತ ಅವಳ ಬೆನ್ನು ಕಾಣುತ್ತಿತ್ತು.  ನಾನು ಗುಂಡು, ದಾರ, ಕರಣಿಯ ಚೀಲವನ್ನು ಕೆಳಗಿಟ್ಟು, ಕೊಡ ಎತ್ತಿಕೊಂಡು ನಳದ ಕಡೆ ಹೋದೆ.